ಹುಕ್ಕಿನ ಮೇಲೆ ಭಾರ ಬೀಳಲಿ

ಕಬ್ಬು ಕಡಿಯುವ ಕಾಲ ಬಂತೆಂದರೆ ಅಗರ, ಮಾಂಬಳ್ಳಿ, ಯಳಂದೂರಿನ ಸುತ್ತ ಟ್ರೈಲರಿನ ಮಾತು ಶುರುವಾಗುತ್ತದೆ. ಹೊಸದಾಗಿ ಟ್ರ್ಯಾಕ್ಟರ್ ಕೊಂಡವನಿಗೆ ಊರಿನಿಂದ ಸಿಗುವ ಬುದ್ಧಿಮಾತು ಎರಡು. ಎಚ್‌ಪಿ ಜಾಸ್ತಿ ಇರಲಿ, ಎಂಥ ಹೇರಾದರೂ ಎಳೆಯುತ್ತದೆ ಎಂಬುದು ಒಂದು. ಟ್ರೈಲರಿನ ಭಾರ ಟ್ರೈಲರಿಗೇ ಇರಲಿ, ಟ್ರ್ಯಾಕ್ಟರ್ ಮೇಲೆ ಬೀಳಬಾರದು, ಅದಕ್ಕೇ ನಾಲ್ಕು ಚಕ್ರದ್ದು ತಗೋ ಎಂಬುದು ಇನ್ನೊಂದು. ಇವೆರಡನ್ನೂ ಹೇಳುವವರು ಅನುಭವಸ್ಥರು, ಕೇಳುವವರ ಹಿತ ಬಯಸುವವರು. ಆದರೆ ಮೊದಲನೆಯದು ಅರ್ಧ ನಿಜ. ಎರಡನೆಯದು ಪೂರ್ತಿ ತಪ್ಪು, ಇಳಿಜಾರಿನಲ್ಲಿ ಪ್ರಾಣ ತೆಗೆಯುವಂಥ ತಪ್ಪು. ಎಳೆಯುವ ಗಾಡಿಯ ಮೇಲೆ ಎಳೆಸಿಕೊಳ್ಳುವ ಗಾಡಿಯ ಭಾರ ಬೀಳಲೇಬೇಕು. ಎಷ್ಟು ಬೀಳಬೇಕು, ಯಾವ ಜಾಗದಲ್ಲಿ ಬೀಳಬೇಕು ಎನ್ನುವುದರಲ್ಲೇ ಚಾಲಕನ ಸುಖದುಃಖವೆಲ್ಲ ಇದೆ.

ಎಚ್‌ಪಿಯ ಮಾತನ್ನು ಬೇಗ ಮುಗಿಸಿಬಿಡೋಣ. 45 ಎಚ್‌ಪಿಯ ಎಂಜಿನ್ ಗಂಟೆಗೆ ನಾಲ್ಕು ಕಿಲೋಮೀಟರಿನ ನಿಧಾನ ಗೇರಿನಲ್ಲಿ, ಲೆಕ್ಕದ ಪ್ರಕಾರ, ಸುಮಾರು ಮೂರು ಸಾವಿರ ಕೆ.ಜಿ.ಯಷ್ಟು ಎಳೆತ ಕೊಡಬಲ್ಲದು. ಗೇರುಗಳಲ್ಲಿ ಸೋರಿದ್ದನ್ನು ಕಳೆದರೂ ಎರಡು ಸಾವಿರಕ್ಕೆ ಮೋಸವಿಲ್ಲ. ಆದರೆ ಆ ಎಳೆತ ನೆಲಕ್ಕೆ ತಲುಪುವುದು ಹಿಂದಿನ ಎರಡು ಟೈರುಗಳ ಮೂಲಕ. ಟೈರಿನ ಹಿಡಿತ ಅದರ ಮೇಲೆ ಕೂತಿರುವ ಭಾರಕ್ಕೆ ತಕ್ಕಷ್ಟೇ. ಎರಡು ಟನ್ ತೂಕದ ಟ್ರ್ಯಾಕ್ಟರಿನಲ್ಲಿ ಹಿಂದಿನ ಅಚ್ಚಿನ ಮೇಲೆ ಇರುವುದು ಸುಮಾರು 1,200 ಕೆ.ಜಿ. ಹಸಿ ಮಣ್ಣಿನಲ್ಲಿ ಅದರ ಅರ್ಧದಷ್ಟು ಹಿಡಿತ ಸಿಕ್ಕರೆ ಪುಣ್ಯ. ಅಂದರೆ ಎಂಜಿನ್ ಎರಡು ಸಾವಿರ ಕೊಡಲು ಸಿದ್ಧವಿದ್ದರೂ ಟೈರು ಆರುನೂರಕ್ಕೇ ಕೈಚೆಲ್ಲುತ್ತದೆ. ಗದ್ದೆಯಿಂದ ಕಬ್ಬಿನ ಹೇರು ಹೊರಗೆ ತೆಗೆಯುವಾಗ ಚಕ್ರ ಸುಮ್ಮನೆ ತಿರುಗಿ ಗುಂಡಿ ತೋಡುವುದನ್ನು ಸುವರ್ಣಾವತಿ ಬಯಲಿನಲ್ಲಿ ನೋಡದವರು ಯಾರು? ಅಲ್ಲಿ ಕೊರತೆ ಬಿದ್ದಿರುವುದು ಎಚ್‌ಪಿಯಲ್ಲ, ಹಿಂದಿನ ಟೈರಿನ ಮೇಲಿನ ತೂಕ.

ಆ ತೂಕ ಎಲ್ಲಿಂದ ಬರಬೇಕು? ಟ್ರೈಲರಿನಿಂದಲೇ. ಎರಡು ಚಕ್ರದ ಟ್ರೈಲರಿನ ಅಚ್ಚು ತೊಟ್ಟಿಯ ನಡುವಿಗಿಂತ ಹಿಂದೆ ಇರುವುದು ಇದಕ್ಕಾಗಿಯೇ. ಹೇರಿನ ಒಂದು ಪಾಲು ಅದರ ಚಕ್ರಗಳ ಮೇಲೆ, ಉಳಿದ ಪಾಲು ಮೂತಿಯ ಮೂಲಕ ಟ್ರ್ಯಾಕ್ಟರಿನ ಹುಕ್ಕಿನ ಮೇಲೆ. ಹೇರು ಸೇರಿ ಆರು ಟನ್ ತೂಗುವ ಟ್ರೈಲರು 900 ಕೆ.ಜಿ.ಯನ್ನು ಹುಕ್ಕಿನ ಮೇಲೆ ಇಟ್ಟಿತೆನ್ನಿ. ಹುಕ್ಕು ಹಿಂದಿನ ಅಚ್ಚಿನಿಂದ 60 ಸೆಂಟಿಮೀಟರ್ ಹಿಂದಿದೆ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎರಡು ಮೀಟರ್ ಅಂತರ. ಆಗ ಹಿಂದಿನ ಅಚ್ಚಿಗೆ ಆ 900 ಮಾತ್ರ ಬರುವುದಿಲ್ಲ. ಮೀಟುಗೋಲಿನ ಹಾಗೆ ಮುಂದಿನಿಂದ ಎತ್ತಿದ 270 ಕೆ.ಜಿ. ಕೂಡ ಬರುತ್ತದೆ. 1,200 ಇದ್ದದ್ದು 2,370 ಆಯಿತು. ಒಂದು ಪೈಸೆ ಖರ್ಚಿಲ್ಲದೆ ಹಿಡಿತ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ನಾಲ್ಕು ಚಕ್ರದ ಟ್ರೈಲರಿನಲ್ಲಿ ಈ ಲಾಭ ಇಲ್ಲ. ಅದರ ಮುಂದಿನ ಅಚ್ಚು ಒಂದು ತಿರುಗುವ ಬಳೆಯ ಮೇಲೆ ಕೂತಿರುತ್ತದೆ, ಭಾರವೆಲ್ಲ ಅದರ ನಾಲ್ಕು ಚಕ್ರಗಳದ್ದೇ, ಹುಕ್ಕಿಗೆ ಬರುವುದು ಎಳೆತ ಮತ್ತು ನೂಕು ಎರಡೇ. ಟ್ರ್ಯಾಕ್ಟರ್ ಹಗುರಾಗಿಯೇ ಇರುತ್ತದೆ. ಜನ ಇದನ್ನೇ ಗುಣ ಎಂದುಕೊಂಡಿದ್ದಾರೆ. ಸಮತಟ್ಟಾದ ಟಾರು ರಸ್ತೆಯಲ್ಲಿ, ಟ್ರೈಲರಿಗೇ ಬೇರೆ ಬ್ರೇಕು ಇದ್ದರೆ, ಅದು ಗುಣವೇ ಸರಿ. ಪಿನ್ನು ತೆಗೆದರೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ತುಂಬುವವರು ಹಿಂದೆ ಮುಂದೆ ನೋಡದೆ ತುಂಬಬಹುದು. ಆದರೆ ನಮ್ಮ ಹೊಲಗಳಲ್ಲಿ ಓಡಾಡುವ ಟ್ರೈಲರುಗಳಲ್ಲಿ ಕೆಲಸ ಮಾಡುವ ಬ್ರೇಕು ಕಾಣುವುದು ಅಪರೂಪ. ಹಾಗಾಗಿ ಇಡೀ ಜೋಡಿಯನ್ನು ನಿಲ್ಲಿಸುವ ಹೊಣೆ ಟ್ರ್ಯಾಕ್ಟರಿನ ಎರಡು ಹಿಂದಿನ ಟೈರುಗಳದ್ದೇ. ಟ್ರ್ಯಾಕ್ಟರು, ಟ್ರೈಲರು ಎರಡೂ ಸೇರಿ ಎಂಟು ಟನ್. ಒಣ ಟಾರಿನ ಮೇಲೆ 1,200 ಕೆ.ಜಿ. ಹೊತ್ತ ಟೈರುಗಳು ಕೊಡುವ ತಡೆ ಸುಮಾರು 840 ಕೆ.ಜಿ. ಅದೇ ಎರಡು ಚಕ್ರದ ಟ್ರೈಲರು ಹುಕ್ಕಿನ ಮೇಲೆ ಕೂತಿದ್ದರೆ ಸುಮಾರು 1,660. ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುತ್ತಿದ್ದಾಗ ಕಾಲು ಬ್ರೇಕಿನ ಮೇಲೆ ಬಿದ್ದ ಮೇಲೆ ಮೊದಲನೆಯದು ನಿಲ್ಲಲು 15 ಮೀಟರ್, ಎರಡನೆಯದಕ್ಕೆ ಏಳೆಂಟು ಮೀಟರ್. ಸಂತೆ ಬೀದಿಯಲ್ಲಿ ಅಡ್ಡ ಬಂದ ಮಗುವಿನ ಪಾಲಿಗೆ ಆ ಏಳು ಮೀಟರ್ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಇಳಿಜಾರು. ಹತ್ತು ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಇಳಿಯುವ ರಸ್ತೆಯಲ್ಲಿ ಎಂಟು ಟನ್ನನ್ನು ಭೂಮಿ ಕೆಳಕ್ಕೆ ಸೆಳೆಯುವ ಬಲವೇ 800 ಕೆ.ಜಿ. ಟೈರಿನ ಹತ್ತಿರ ಇರುವುದು 840. ಕೈಯಲ್ಲಿ ಉಳಿದದ್ದು ನಲವತ್ತು. ಒಂದು ಹಿಡಿ ಮರಳು ರಸ್ತೆಯಲ್ಲಿದ್ದರೆ ಅದೂ ಹೋಯಿತು. ಗೇರಿನಲ್ಲಿ ಹಿಡಿದು ಇಳಿಸುತ್ತೇನೆ ಎನ್ನುವವರಿದ್ದಾರೆ. ಗೇರು ಹಿಡಿಯುವುದೂ ಅದೇ ಎರಡು ಟೈರುಗಳ ಮೂಲಕವೇ. ಚಕ್ರ ಜಾರತೊಡಗಿತೆಂದರೆ ಹಿಂದಿನ ಆರು ಟನ್ ಹುಕ್ಕನ್ನು ಹಿಂದಿನಿಂದ ನೂಕುತ್ತದೆ. ತಿರುವಿನಲ್ಲಾದರೆ ಓರೆಯಾಗಿ ನೂಕುತ್ತದೆ. ಟ್ರ್ಯಾಕ್ಟರಿನ ಬೆನ್ನು ಪಕ್ಕಕ್ಕೆ ಹೊರಳಿ, ಟ್ರೈಲರು ಅದರ ಮೇಲೆ ಮಡಚಿಕೊಂಡು, ಎರಡೂ ಪಲ್ಟಿ. ಹೊಲದಲ್ಲಿ ಸುಲಭವಾಗಿ ತಿರುಗಲೆಂದು ಎಡ ಬಲ ಬ್ರೇಕು ಪೆಡಲುಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಂಡವರು ರಸ್ತೆಗೆ ಬಂದ ಮೇಲೂ ಅವೆರಡನ್ನು ಜೋಡಿಸುವ ಕೊಂಡಿ ಹಾಕದೆ ಇರುತ್ತಾರೆ. ಒಂದು ಕಡೆಯ ಚಕ್ರ ಮಾತ್ರ ಹಿಡಿದರೆ ಮಡಚಿಕೊಳ್ಳಲು ಇನ್ನೇನು ಬೇಕು? ಪೆಡಲಿನ ಪಕ್ಕದಲ್ಲೇ ಇರುವ, ಬೆರಳುದ್ದದ ಆ ಕಬ್ಬಿಣದ ತುಂಡನ್ನು ರಸ್ತೆಗೆ ಇಳಿಯುವ ಮುನ್ನ ಹಾಕಿಕೊಳ್ಳದ ಚಾಲಕನನ್ನು ಯಾವ ಟ್ರೈಲರೂ ಕಾಯಲಾರದು.

ಇಷ್ಟು ಸ್ಪಷ್ಟವಾದ ವಿಷಯದಲ್ಲಿ ಊರಿನ ಮಾತು ಯಾಕೆ ತಲೆಕೆಳಗಾಯಿತು? ಎತ್ತಿನ ಗಾಡಿಯಿಂದ ಎಂದು ನನಗೆ ಅನ್ನಿಸುತ್ತದೆ. ಗಾಡಿಗೆ ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲಿಗೆ ಇಳಿದು ಹುಣ್ಣಾಗುತ್ತದೆ. ಗಾಡಿ ಹೊಡೆಯುವವನ ಮೊದಲ ಪಾಠವೇ ಮುಂಭಾರ ಕಡಿಮೆ ಮಾಡುವುದು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗೆ ವರ್ಷಗಟ್ಟಲೆ ಹೋರಾಡಿದರು, ಎತ್ತಿನ ಕತ್ತಿನ ಮೇಲಿನ ಹೊರೆ ಇಳಿಯಬೇಕೆಂದು ಒತ್ತಿ ಹೇಳಿದರು. ಎತ್ತಿನ ಮಟ್ಟಿಗೆ ಆ ಕನಿಕರ ನೂರಕ್ಕೆ ನೂರು ಸರಿ. ಎತ್ತು ಗೊರಸು ಊರಿ ತನ್ನ ಮೈಬಲದಿಂದ ಎಳೆಯುತ್ತದೆ, ಹೆಗಲ ಮೇಲಿನ ಹೊರೆಯಿಂದ ಅದಕ್ಕೆ ಸಿಗುವುದು ನೋವು. ಟ್ರ್ಯಾಕ್ಟರಿಗೆ ಹೆಗಲಿಲ್ಲ, ಹುಣ್ಣಾಗುವುದಿಲ್ಲ. ಅದರ ಬಲಕ್ಕೆ ಸಾಲದಿರುವುದೇ ಭಾರ. ಎತ್ತಿಗೆ ತೋರಿಸಬೇಕಾದ ಕರುಣೆಯನ್ನು ಯಂತ್ರಕ್ಕೂ ತೋರಿಸಿದ್ದರಿಂದ ಈ ತಪ್ಪು ತಿಳಿವಳಿಕೆ ಬೇರುಬಿಟ್ಟಿದೆ.

ಆದರೂ ಗಾಡಿ ಹೊಡೆದ ಹಿರಿಯರು ಮುಂಭಾರವನ್ನು ಸೊನ್ನೆಗೆ ತಂದವರಲ್ಲ ಎಂಬುದನ್ನು ಮರೆಯಬಾರದು. ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು, ನೊಗ ಹೆಗಲು ಬಿಟ್ಟು, ಕೊರಳ ಹಗ್ಗ ಎತ್ತಿನ ಗಂಟಲನ್ನು ಬಿಗಿಯುತ್ತದೆ. ಹಾಗಾಗಿ ಗಾಡಿ ತುಂಬಿದ ಮೇಲೆ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಏರಿನಲ್ಲಿ ಗಾಡಿಯವನು ಮೂಕಿಯ ಮೇಲೆ ಮುಂದಕ್ಕೆ ಸರಿದು ಕೂರುತ್ತಿದ್ದ, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುತ್ತಿದ್ದ. ತನ್ನ ಮೈಯನ್ನೇ ತೂಕದ ಕಲ್ಲು ಮಾಡಿಕೊಂಡಿದ್ದ ಆ ಜ್ಞಾನ ಎಷ್ಟು ಸೂಕ್ಷ್ಮವಾದದ್ದು! ಟೈರ್ ಗಾಡಿ ಹೋಗಿ ಟ್ರ್ಯಾಕ್ಟರ್ ಬಂದಾಗ ಅದರ ಅರ್ಧ ಮಾತ್ರ ನಮ್ಮ ಜೊತೆ ಉಳಿಯಿತು. ಮುಂಭಾರದ ಭಯ ಉಳಿಯಿತು, ಹಿಂಭಾರದ ಭಯ ಹೋಯಿತು.

ಹಿಂಭಾರವೇ ದೊಡ್ಡ ಗಂಡಾಂತರ. ಕಬ್ಬು ಉದ್ದನೆಯ ಹೇರು. ತುಂಬುವವರಿಗೆ ಹಿಂದಿನ ಬಾಗಿಲ ಕಡೆಯಿಂದ ಎಸೆಯುವುದು ಸುಲಭ, ಹೇರು ತಾನಾಗಿ ಹಿಂದಕ್ಕೆ ಬೆಳೆಯುತ್ತದೆ. ಎರಡು ಚಕ್ರದ ಟ್ರೈಲರಿನಲ್ಲಿ ಹೀಗಾದರೆ ಮೂತಿ ಹುಕ್ಕನ್ನು ಕೆಳಕ್ಕೆ ಒತ್ತುವ ಬದಲು ಮೇಲಕ್ಕೆ ಎತ್ತುತ್ತದೆ. 400 ಕೆ.ಜಿ. ಎತ್ತಿದರೂ ಸಾಕು, ಹಿಂದಿನ ಟೈರಿನ ಮೇಲೆ ಉಳಿಯುವುದು 680 ಕೆ.ಜಿ. ಖಾಲಿ ಟ್ರ್ಯಾಕ್ಟರಿಗಿಂತಲೂ ಬಡವಾದ ಹಿಡಿತ. ಎರಡು ಚಕ್ರದ್ದು ಅಪಾಯ ಎಂದು ಹೇಳುವವರು ಕಂಡಿರುವುದು ಇಂಥ ಟ್ರೈಲರುಗಳನ್ನೇ. ದೂರಬೇಕಾದದ್ದು ತುಂಬಿದ ರೀತಿಯನ್ನು, ಅವರು ದೂರುತ್ತಿರುವುದು ಟ್ರೈಲರನ್ನು. ಮುಂಭಾರ ಮಿತಿ ಮೀರಿದರೂ ಕೇಡೇ. 1,500 ಕೆ.ಜಿ. ಹುಕ್ಕಿನ ಮೇಲೆ ಕೂತರೆ ಮುಂದಿನ ಚಕ್ರಗಳಲ್ಲಿ 350 ಮಾತ್ರ ಉಳಿಯುತ್ತದೆ. ಟ್ರ್ಯಾಕ್ಟರಿನ ತೂಕದ ಐದನೇ ಒಂದು ಭಾಗವಾದರೂ ಮುಂದೆ ಇರಬೇಕೆಂಬುದು ತಿಳಿದವರ ಲೆಕ್ಕ. ಅದಕ್ಕಿಂತ ಇಳಿದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ, ಏರಿನಲ್ಲಿ ಮುಂದಿನ ಚಕ್ರ ಎದ್ದು ನಿಲ್ಲುತ್ತದೆ.

ಹುಕ್ಕನ್ನು ಹಿಂದಿನ ಅಚ್ಚಿನ ಆಚೆ ಇಡದೆ ಅಚ್ಚಿನ ನೆತ್ತಿಯ ಮೇಲೇ ಇಟ್ಟರೆ? ಅದೇ ಫಿಫ್ತ್ ವೀಲ್. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರ ದಾಟಿ ಕೊಯಮತ್ತೂರಿಗೆ ಹೋಗುವ ಹೆದ್ದಾರಿಯಲ್ಲಿ, ಹಿಂದೆ 209 ಎನ್ನುತ್ತಿದ್ದೆವು, ಈಗ 948, ಉದ್ದನೆಯ ಟ್ರೈಲರ್ ಲಾರಿ ನಿಂತಾಗ ಕ್ಯಾಬಿನ್ನಿನ ಹಿಂದೆ ಬಗ್ಗಿ ನೋಡಿದರೆ ಕಾಣುತ್ತದೆ: ಗ್ರೀಸು ಮೆತ್ತಿದ, ಕುದುರೆ ಲಾಳದ ಆಕಾರದ ದಪ್ಪ ಉಕ್ಕಿನ ತಟ್ಟೆ, ಅದರ ಸೀಳಿನೊಳಗೆ ಸಿಕ್ಕಿಕೊಂಡ ಸುಮಾರು ಎರಡಂಗುಲ ದಪ್ಪದ ಪಿನ್ನು. ಹಿಂದಿನ ತೊಟ್ಟಿಯ ಮುಂಭಾಗವೆಲ್ಲ ಆ ತಟ್ಟೆಯ ಮೇಲೆ ಮಲಗಿರುತ್ತದೆ. 1914ರಲ್ಲಿ ಡೆಟ್ರಾಯಿಟಿನ ಕಮ್ಮಾರ ಆಗಸ್ಟ್ ಫ್ರೂಹಾಫ್ ಒಂದು ದೋಣಿ ಸಾಗಿಸಲು ಫೋರ್ಡ್ ಕಾರಿನ ಹಿಂದೆ ಕಟ್ಟಿದ ಬಂಡಿಯಿಂದ ಈ ಅರೆಟ್ರೈಲರುಗಳ ಉದ್ಯಮ ಬೆಳೆಯಿತು. ಅಮೆರಿಕದಲ್ಲಿ ಪಿಕಪ್ಪಿನ ತೊಟ್ಟಿಯೊಳಗೆ ಇದೇ ತಟ್ಟೆ ಕೂರಿಸಿ, ಮಂಚ, ಅಡುಗೆಮನೆ, ಬಚ್ಚಲು ಇರುವ ಇಡೀ ಮನೆಯನ್ನೇ ಎಳೆದುಕೊಂಡು ಹೋಗುತ್ತಾರೆ. ಬಂಪರಿನ ಹಿಂದಿನ ಚೆಂಡಿನಾಕಾರದ ಗುಂಡಿಗೆ ಸಿಕ್ಕಿಸಿ ಎಳೆಯುವುದು ಟ್ರಾವೆಲ್ ಟ್ರೈಲರ್. ಅಲ್ಲಿನವರ ರೂಢಿಯ ಪ್ರಕಾರ ಟ್ರಾವೆಲ್ ಟ್ರೈಲರಿನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಗುಂಡಿನ ಮೇಲೆ ಬೀಳಬೇಕು. ಫಿಫ್ತ್ ವೀಲಿನಲ್ಲಿ ಇಪ್ಪತ್ತರ ಆಸುಪಾಸು ತಟ್ಟೆಯ ಮೇಲೆ ಬೀಳುತ್ತದೆ. ಭಾರ ಬೀಳಬಾರದು ಎನ್ನುವ ಮಾತು ಅಲ್ಲಿ ಎರಡು ಪಂಗಡಗಳಲ್ಲೂ ಇಲ್ಲ.

ನಮ್ಮ ಕಾನೂನೂ ಈ ವ್ಯತ್ಯಾಸವನ್ನು ಗುರುತಿಸಿದೆ. 1988ರ ಮೋಟಾರು ವಾಹನ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ ಟ್ರೈಲರು ಬೇರೆ, ಸೆಮಿ ಟ್ರೈಲರು ಬೇರೆ. ಎಳೆಯುವ ವಾಹನದ ಮೇಲೆ ತನ್ನ ಒಂದು ಭಾಗವನ್ನು ಹೊರಿಸಿ, ತೂಕದ ಒಂದು ಪಾಲನ್ನು ಅದಕ್ಕೆ ಕೊಡುವಂತೆ ಕಟ್ಟಿದ್ದೇ ಸೆಮಿ ಟ್ರೈಲರು. ಕಾಯ್ದೆ ಚಕ್ರ ಎಣಿಸಲಿಲ್ಲ, ಭಾರ ಎಲ್ಲಿ ಕೂತಿದೆ ಎಂದು ನೋಡಿತು.

ಮೇಲಿನ ಲೆಕ್ಕವನ್ನೇ ಫಿಫ್ತ್ ವೀಲಿಗೂ ತನ್ನಿ. ಅದೇ 900 ಕೆ.ಜಿ.ಯನ್ನು ಹಿಂದಿನ ಅಚ್ಚಿಗಿಂತ 20 ಸೆಂಟಿಮೀಟರ್ ಮುಂದೆ ಇಟ್ಟರೆ ಹಿಂದಿನ ಅಚ್ಚಿಗೆ 810, ಮುಂದಿನದಕ್ಕೆ 90 ಹಂಚಿಹೋಗುತ್ತದೆ. ಮುಂದಿನ ಚಕ್ರ ಏಳುವ ಮಾತೇ ಇಲ್ಲ. ಇನ್ನೊಂದು ಗುಣವಿದೆ. ಹುಕ್ಕು ಅಚ್ಚಿನಿಂದ ಹಿಂದಕ್ಕೆ ಚಾಚಿದ್ದರೆ ಟ್ರೈಲರಿನ ಪ್ರತಿ ಓಲಾಟವೂ ಆ ಚಾಚನ್ನು ಹಿಡಿದು ಎಳೆಯುವ ಗಾಡಿಯ ಬಾಲವನ್ನು ಅಲ್ಲಾಡಿಸುತ್ತದೆ. ಅಚ್ಚಿನ ನೆತ್ತಿಯ ಮೇಲಿದ್ದರೆ ಹಿಡಿದು ಅಲ್ಲಾಡಿಸಲು ಚಾಚೇ ಇಲ್ಲ. ಗಂಟೆಗೆ ನೂರು ಕಿಲೋಮೀಟರಿನಲ್ಲಿ, ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದ ಗಾಳಿಗೆ, ಟ್ರಾವೆಲ್ ಟ್ರೈಲರು ತೂಗಾಡತೊಡಗಿದಾಗ ಚಾಲಕನ ಕೈ ನಡುಗುತ್ತದೆ. ಫಿಫ್ತ್ ವೀಲಿನವನು ನೆಮ್ಮದಿಯಾಗಿರುತ್ತಾನೆ.

ಇದರಿಂದ ಹುಟ್ಟಿದ್ದು ಮೂರನೆಯ ರೂಢಿಯ ಮಾತು: ಎಳೆಯುವುದಕ್ಕೆ ಫಿಫ್ತ್ ವೀಲಿಗಿಂತ ಉತ್ತಮ ಇಲ್ಲ, ಎಲ್ಲಾದರೂ ಸರಿ. ಅಮೆರಿಕ ನೋಡಿ ಬಂದವರು ಹೇಳುತ್ತಾರೆ, ಕಾರವಾನ್ ಪ್ರವಾಸದ ಕನಸು ಕಾಣುವವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಓಲಾಟ ತಡೆಯುವುದು ನೂರರ ವೇಗದ ಗುಣ. ಇಪ್ಪತ್ತರಲ್ಲಿ ಹೋಗುವವನಿಗೆ ಅದರಿಂದ ಹೆಚ್ಚು ಆಗಬೇಕಾದದ್ದಿಲ್ಲ. ಫಿಫ್ತ್ ವೀಲಿನ ದೋಷ ಮಾತ್ರ ಯಾವ ವೇಗದಲ್ಲೂ ಜೊತೆಗೇ ಬರುತ್ತದೆ. ತಿರುವಿನಲ್ಲಿ ಅದರ ಹಿಂದಿನ ಚಕ್ರಗಳು ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತವೆ. ಹುಕ್ಕು ಅಚ್ಚಿನ ಹಿಂದಿದ್ದರೆ ಎಳೆಯುವ ಗಾಡಿ ಎಡಕ್ಕೆ ತಿರುಗುವಾಗ ಹುಕ್ಕು ಮೊದಲು ಸ್ವಲ್ಪ ಬಲಕ್ಕೆ ಬೀಸುತ್ತದೆ, ಟ್ರೈಲರನ್ನು ಮೂಲೆಯಿಂದ ಆಚೆಗೆ ಕರೆದೊಯ್ಯುತ್ತದೆ. ಅಚ್ಚಿನ ಮೇಲಿನ ಪಿನ್ನಿಗೆ ಆ ಬೀಸಿಲ್ಲ. ನಮ್ಮ ಹಳ್ಳಿಯ ಬೀದಿಗಳನ್ನು ನೆನೆದುಕೊಳ್ಳಿ: ಎರಡೂ ಕಡೆ ಚರಂಡಿ, ಚರಂಡಿಯ ಮೇಲೆ ಕಲ್ಲುಚಪ್ಪಡಿ, ಅದಕ್ಕೆ ಅಂಟಿಕೊಂಡ ಜಗಲಿ, ಮೂಲೆಯಲ್ಲಿ ಲೈಟು ಕಂಬ, ನೇರ ಲಂಬವಾಗಿ ತಿರುಗುವ ಓಣಿ. ನಾಲೆ ಏರಿಯ ಮೇಲಿನ ದಾರಿ ಇನ್ನೂ ಕಿರಿದು. ಇಂಥಲ್ಲಿ ಎರಡು ಚಕ್ರದ, ಹಿಂದೆ ಹುಕ್ಕಿರುವ ಟ್ರೈಲರು ಹೋಗುವ ಜಾಗಕ್ಕೆ ಅದೇ ಉದ್ದದ ಫಿಫ್ತ್ ವೀಲು ಹೋಗಲಾರದು. ಹಿಮ್ಮುಖವಾಗಿ ನೂಕುವಾಗಲೂ ಅಷ್ಟೇ. ಫಿಫ್ತ್ ವೀಲು ಸ್ಟೀರಿಂಗಿನ ಮಾತು ತಡವಾಗಿ ಕೇಳುತ್ತದೆ, ಅಳುಕಿನ ಚಾಲಕನಿಗೆ ಅದು ಒಳ್ಳೆಯದು, ಆದರೆ ಹೆಚ್ಚು ಜಾಗ ಬೇಡುತ್ತದೆ. ಎರಡು ಚಕ್ರದ್ದು ಚುರುಕಾಗಿ ಮಡಚುತ್ತದೆ, ಕಿರಿದಾದ ಕಣಕ್ಕೆ ಅದೇ ಸರಿ. ನಾಲ್ಕು ಚಕ್ರದ್ದಕ್ಕಂತೂ ಹುಕ್ಕಿನಲ್ಲಿ ಒಂದು, ತಿರುಗುವ ಬಳೆಯಲ್ಲಿ ಒಂದು, ಎರಡು ಕೀಲು. ಹಿಂದಕ್ಕೆ ನೂಕಿದರೆ ಯಾವ ಕಡೆ ಹೊರಳುತ್ತದೆಂದು ನುರಿತವರಿಗೂ ಹೇಳಲು ಕಷ್ಟ.

ಹೆದ್ದಾರಿಯಲ್ಲೂ ಎಲ್ಲ ಕಡೆ ಫಿಫ್ತ್ ವೀಲಿನದೇ ಗೆಲುವಲ್ಲ. ಚಾಮರಾಜನಗರ ಬಿಟ್ಟು ಹಾಸನೂರು ದಾಟಿದ ಮೇಲೆ ಬರುವ ದಿಂಬಂ ಘಟ್ಟದಲ್ಲಿ 27 ಹೇರ್‌ಪಿನ್ ತಿರುವುಗಳು. ಉದ್ದನೆಯ ಲಾರಿಯ ಹಿಂದಿನ ಚಕ್ರಗಳು ಒಳಗೋಡೆ ಸವರಬಾರದೆಂದರೆ ಮುಂದಿನ ಕ್ಯಾಬಿನ್ನು ಎದುರಿನವರ ದಾರಿಯನ್ನೆಲ್ಲ ಆಕ್ರಮಿಸಬೇಕು. ಒಂದು ಸಿಕ್ಕಿಕೊಂಡರೆ ಇಡೀ ಘಟ್ಟ ನಿಲ್ಲುತ್ತದೆ.

ನಮ್ಮ ಸೀಮೆಯ ನಿಜವಾದ ಟ್ರಾವೆಲ್ ಟ್ರೈಲರು ಬೇರೆಯೇ ಇದೆ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಐದು ದಿನದ ಜಾತ್ರೆ. ಅಲ್ಲಿ ಬಿಡಾರ ಹೂಡಲು ಹೊರಟ ಕುಟುಂಬಗಳು ಹಿಂದೆ ಕಮಾನು ಗಾಡಿ ಕಟ್ಟುತ್ತಿದ್ದವು, ಈಗ ಟ್ರ್ಯಾಕ್ಟರ್ ಟ್ರೈಲರಿಗೆ ಬಿದಿರಿನ ಕಮಾನು ಬಾಗಿಸಿ ಟಾರ್ಪಾಲು ಹೊದಿಸುತ್ತಾರೆ. ಪಾತ್ರೆ, ಸೌದೆ, ಅಕ್ಕಿ ಮೂಟೆ, ನೀರಿನ ಡ್ರಮ್ಮು, ಹಾಸಿಗೆ, ಮೇಲೆ ಮೂರು ತಲೆಮಾರಿನ ಜನ. ಮಾದಪ್ಪನ ಬೆಟ್ಟಕ್ಕೂ ಹೀಗೇ ಹೋಗುತ್ತಾರೆ, ಹನೂರು, ಕೌದಳ್ಳಿ ದಾಟಿ ತಾಳುಬೆಟ್ಟದಿಂದ ಘಟ್ಟ ಹತ್ತುತ್ತಾರೆ. ಸರಕಿನ ಟ್ರೈಲರಿನಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ, ಆಗಬಾರದು. ಆದರೂ ಆಗುತ್ತಿದೆ, ಬಸ್ಸಿಗೆ ಇಷ್ಟು ಸಾಮಾನು ಹಿಡಿಸದ ಬಡ ಕುಟುಂಬ ಬೇರೆ ದಾರಿ ಕಾಣದೆ ಹತ್ತುತ್ತದೆ.

ಇಲ್ಲಿ ಹೇರು ಕಬ್ಬಿನ ಹಾಗೆ ಇದ್ದಲ್ಲಿ ಇರುವುದಿಲ್ಲ, ಓಡಾಡುತ್ತದೆ. ಹುಡುಗರಿಗೆ ಗಾಳಿ ಬೇಕು, ಹಿಂದಿನ ಬಾಗಿಲ ಹತ್ತಿರ ಕೂರುತ್ತಾರೆ. ಐವತ್ತು ಕೆ.ಜಿ.ಯ ಹತ್ತು ಮಂದಿ ಟ್ರೈಲರಿನ ಅಚ್ಚಿನಿಂದ ನಾಲ್ಕಡಿ ಹಿಂದೆ ಕೂತರೆ ಹುಕ್ಕಿನ ಮೇಲಿನ ಭಾರದಲ್ಲಿ ಸುಮಾರು 170 ಕೆ.ಜಿ. ಕಡಿತವಾಗುತ್ತದೆ. ಒಟ್ಟು ತೂಕ ಹೆಚ್ಚಿಲ್ಲದ ಜಾತ್ರೆಯ ಟ್ರೈಲರಿನಲ್ಲಿ ಹುಕ್ಕಿನ ಮೇಲೆ ಇದ್ದದ್ದೇ ಮುನ್ನೂರೋ ನಾನೂರೋ ಆಗಿದ್ದರೆ ಅರ್ಧ ಹೋಯಿತು. ಚಾಲಕನಿಗೆ ಇದು ಸೀಟಿನಲ್ಲಿ ಕೂತರೆ ತಿಳಿಯುವುದಿಲ್ಲ. ಏರು ಹತ್ತುವಾಗ ಎಂಜಿನ್ ಆರಾಮಾಗಿ ಗುಡುಗುತ್ತದೆ, 50 ಎಚ್‌ಪಿ ಇದೆಯಲ್ಲ ಎಂಬ ಧೈರ್ಯವೂ ಇರುತ್ತದೆ. ಹರಕೆ ತೀರಿಸಿ ಬೆಟ್ಟ ಇಳಿಯುವಾಗ, ದಣಿದ ಜನ ಕಂಡ ಕಂಡಲ್ಲಿ ಒರಗಿರುವಾಗ, ತಿರುವಿನಲ್ಲಿ ಬ್ರೇಕು ಒತ್ತಿದ ಮೇಲೆ ಗೊತ್ತಾಗುತ್ತದೆ. ಡ್ರೈವರನ ಅಜಾಗರೂಕತೆ ಎಂಬ ಒಂದೇ ಮಾತಿನಲ್ಲಿ ಇಂಥ ಅಪಘಾತಗಳ ಕಥೆ ಮುಗಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನೀರಿನ ಡ್ರಮ್ಮನ್ನು ಎಲ್ಲಿಟ್ಟಿದ್ದರು, ಅಕ್ಕಿ ಮೂಟೆ ಮುಂದಿತ್ತೋ ಹಿಂದಿತ್ತೋ, ಟ್ರೈಲರಿಗೆ ಬ್ರೇಕು ಇತ್ತೋ ಇಲ್ಲವೋ ಎಂದೂ ಕೇಳಬೇಕು.

ಈ ಭಾರವನ್ನು ಅಳೆಯಲು ಹೊಸ ಯಂತ್ರ ಬೇಕಿಲ್ಲ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಪ್ರತಿ ಹೇರೂ ತೂಕದ ಸೇತುವೆ ಹತ್ತಲೇಬೇಕು, ಪಟ್ಟಣಗಳಲ್ಲಿ ಖಾಸಗಿ ವೇ ಬ್ರಿಡ್ಜುಗಳೂ ಇವೆ. ಅಲ್ಲಿ ನಾವು ನೋಡುವುದು ಒಟ್ಟು ತೂಕವನ್ನು ಮಾತ್ರ, ದುಡ್ಡು ಅದರ ಮೇಲೆ ನಿಂತಿದೆಯಲ್ಲ. ಇನ್ನೊಂದು ನಿಮಿಷ ಕೊಡಿ. ಟ್ರೈಲರಿನ ಪಿನ್ನು ಬಿಚ್ಚದೆ, ಟ್ರ್ಯಾಕ್ಟರಿನ ನಾಲ್ಕು ಚಕ್ರಗಳು ಮಾತ್ರ ಸೇತುವೆಯ ಮೇಲಿರುವಂತೆ, ಟ್ರೈಲರಿನ ಚಕ್ರಗಳು ಹೊರಗಿನ ಸಮತಟ್ಟು ನೆಲದಲ್ಲಿರುವಂತೆ ನಿಲ್ಲಿಸಿ ಅಂಕಿ ನೋಡಿ. ಅದರಿಂದ ಖಾಲಿ ಟ್ರ್ಯಾಕ್ಟರಿನ ತೂಕ ಕಳೆದರೆ ಉಳಿಯುವುದೇ ಹುಕ್ಕಿನ ಮೇಲಿನ ಭಾರ. ಆಮೇಲೆ ಮುಂದಿನ ಎರಡು ಚಕ್ರಗಳನ್ನು ಮಾತ್ರ ಹತ್ತಿಸಿದರೆ ಸ್ಟೀರಿಂಗಿಗೆ ಎಷ್ಟು ಉಳಿದಿದೆ ಎಂಬುದೂ ತಿಳಿಯುತ್ತದೆ. ಎರಡು ಟನ್ನಿನ ಟ್ರ್ಯಾಕ್ಟರಿಗೆ ಈ ಎರಡನೆಯ ಅಂಕಿ 400ಕ್ಕಿಂತ ಕೆಳಗಿದ್ದರೆ ಹೇರು ತೀರಾ ಮುಂದಾಯಿತು. ಮೊದಲನೆಯ ಅಂಕಿ ಸೊನ್ನೆಯ ಹತ್ತಿರವಿದ್ದರೆ, ಇಲ್ಲವೇ ಟ್ರ್ಯಾಕ್ಟರಿನ ತೂಕ ಖಾಲಿ ಇದ್ದಾಗಿನದಕ್ಕಿಂತ ಕಡಿಮೆ ತೋರಿಸಿದರೆ, ಹಗ್ಗ ಬಿಚ್ಚಿ, ಹಿಂದಿನ ಕಂತೆಗಳನ್ನು ಇಳಿಸಿ ಮುಂದಕ್ಕೆ ಹೇರಿಸಿ, ಆಮೇಲೆ ರಸ್ತೆಗೆ ಬಿಡಿ.